ನರವನ್ನು ಕೇಳುವ ಬಗೆ

ನಮ್ಮ ದೊಡವಾಡದ ಸೀಮೆಯಲ್ಲಿ, ಎಂದರೆ ಬೈಲಹೊಂಗಲದ ಎರೆಹೊಲಗಳಿಂದ ಹಿಡಿದು ಕಿತ್ತೂರು ಸವದತ್ತಿಗಳ ಕಡೆಯ ಹಳ್ಳಿಗಳವರೆಗೆ, ಮನುಷ್ಯನ ಮೈಯೊಳಗೆ ದಾರದಂತೆ, ಹುರಿಯಂತೆ, ನಾಳದಂತೆ ಇರುವುದಕ್ಕೆಲ್ಲ ಹೆಸರು ಒಂದೇ: ನರ. ಮುಂಗೈಯ ಮೇಲೆ ಹಸುರಾಗಿ ಉಬ್ಬಿ ತೋರುವ ರಕ್ತನಾಳವೂ ನರ. ಹಿಮ್ಮಡಿಯ ಮೇಲುಗಡೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ಕಂಡರವೂ ನರ. ಸೊಂಟದಿಂದ ಹೊರಟು ಮೀನಖಂಡದವರೆಗೆ ಮಿಂಚಿನಂತೆ ಇಳಿಯುವ ನೋವಿನ ದಾರಿಯೂ ನರವೇ. ಆದಕಾರಣ ‘ನರ ಎಳದಂಗ ಆಗತೈತ್ರಿ ಸಾಹೇಬ್ರ’ ಎಂದು ನನ್ನೆದುರು ಬಂದು ಕುಳಿತ ರೋಗಿಯ ಮಾತಿನ ಅರ್ಥವನ್ನು ಅವನ ಬಾಯಿಯಿಂದಲ್ಲ, ಅವನ ಬೆರಳು ಮೈಮೇಲೆ ಎಳೆಯುವ ಗೆರೆಯಿಂದ ತಿಳಿಯಬೇಕೆಂಬುದನ್ನು ನಾನು ಕಲಿತದ್ದು ವೈದ್ಯಕೀಯ ಕಾಲೇಜಿನಲ್ಲಲ್ಲ, ಸ್ವಂತ ಊರಿಗೆ ಬಂದು ಬಾಗಿಲು ತೆರೆದ ಮೇಲೆ.

ಈ ಗೊಂದಲಕ್ಕೆ ಹಳ್ಳಿಗರನ್ನೇ ದೂರುವುದು ನ್ಯಾಯವಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಸಿರೆಗಳು 700, ಸ್ನಾಯುಗಳು 900, ಪೇಶಿಗಳು 500 ಎಂದು ಎಣಿಸಿ ಹೇಳುವಾಗ ಸ್ನಾಯುವೆಂದರೆ ಕೀಲುಗಳನ್ನು ಕಟ್ಟಿಹಿಡಿಯುವ ಬಂಧನ. ಅದೇ ಶಬ್ದ ಇಂದಿನ ಕನ್ನಡ ಪಠ್ಯಪುಸ್ತಕದಲ್ಲಿ ಮಾಂಸಖಂಡವಾಗಿದೆ. ಬಂಗಾಳಿಯವರ ಬಾಯಲ್ಲಿ ನರವೇ ಆಗಿದೆ. ಶಬ್ದಗಳು ಹೀಗೆ ಮನೆ ಬದಲಿಸುತ್ತಿರುವಾಗ, ಈ ಭಾಷಣದ ಮಟ್ಟಿಗಾದರೂ ಒಂದು ಒಪ್ಪಂದ ಮಾಡಿಕೊಳ್ಳೋಣ. ಮಿದುಳು ಮತ್ತು ಬೆನ್ನುಹುರಿಗಳಿಂದ ಹೊರಟು ಆಜ್ಞೆಯನ್ನು ಕೆಳಕ್ಕೂ ಸ್ಪರ್ಶದ ಸುದ್ದಿಯನ್ನು ಮೇಲಕ್ಕೂ ಒಯ್ಯುವ ತಂತುಗಳ ಕಟ್ಟು ನರ. ಆ ಆಜ್ಞೆ ತಲುಪಿದೊಡನೆ ಸಂಕುಚಿಸಿ ಎಲುಬನ್ನು ಎಳೆಯುವ ಮಾಂಸ ಸ್ನಾಯು. ಇವೆರಡರಲ್ಲಿ ಕೆಟ್ಟದ್ದು ಯಾವುದು, ಎಲ್ಲಿ, ಎಷ್ಟು ಎಂಬುದನ್ನು ನಿರ್ಣಯಿಸುವ ಪರೀಕ್ಷೆಯೊಂದುಂಟು. ಆಸ್ಪತ್ರೆಯವರು ಅದನ್ನು ಎನ್‌ಸಿವಿ ಎಂದೂ ಇಎಂಜಿ ಎಂದೂ ಕರೆಯುತ್ತಾರೆ. ನಮ್ಮವರು ‘ಕರೆಂಟ್ ಟೆಸ್ಟ್’ ಎನ್ನುತ್ತಾರೆ.

ಆ ಹೆಸರಿನಲ್ಲಿಯೇ ಭಯವೂ ಇದೆ, ಭ್ರಮೆಯೂ ಇದೆ. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ ನಮ್ಮೂರ ಅಜ್ಜರೊಬ್ಬರು ಎಂಟು ದಿನ ಕಾದು ನೋಡಿ ನನ್ನಲ್ಲಿಗೆ ಬಂದು, ‘ಒಂದ ಸಲಾ ಕರೆಂಟ್ ಕೊಡಿಸಿದ್ರ ಏನೂ ಹತ್ತಲಿಲ್ಲರೀ, ಇನ್ನೊಂದ ಸಲಾ ಕೊಡಿಸ್ಲೇನು?’ ಎಂದು ಕೇಳಿದರು. ಪರೀಕ್ಷೆಯನ್ನು ಅವರು ಚಿಕಿತ್ಸೆಯೆಂದು ನಂಬಿದ್ದರು. ಅವರಿಗೆ ಅದನ್ನು ವಿವರಿಸಿ ಹೇಳಬೇಕಾಗಿದ್ದವನು ನಾನು. ಹೇಳದೆ ಚೀಟಿ ಕೊಟ್ಟು ಕಳಿಸಿದ್ದವನೂ ನಾನೇ.

ನರದಲ್ಲಿ ಸಂದೇಶವು ಎಷ್ಟು ವೇಗದಲ್ಲಿ ಸಾಗುತ್ತದೆಂಬುದು ಮನುಷ್ಯನ ಅಳತೆಗೆ ಸಿಕ್ಕುವ ವಿಷಯವೇ ಅಲ್ಲವೆಂದು ಜರ್ಮನಿಯ ಯೋಹಾನೆಸ್ ಮ್ಯೂಲರನಂಥ ಮಹಾಪಂಡಿತನೇ ಭಾವಿಸಿದ್ದ ಕಾಲವೊಂದಿತ್ತು. ಆತನ ಶಿಷ್ಯನಾದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಒಂದು ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದೊಡನೆ ಬಿಡಿಸಿ, ನರದ ಹತ್ತಿರದ ಒಂದೆಡೆ ಮುಟ್ಟಿದಾಗ ಸ್ನಾಯು ಅಲುಗಲು ಹಿಡಿದ ಕಾಲವನ್ನೂ ದೂರದ ಇನ್ನೊಂದೆಡೆ ಮುಟ್ಟಿದಾಗ ಹಿಡಿದ ಕಾಲವನ್ನೂ ಕಳೆದು ನೋಡಿ, ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಮಾತ್ರವೆಂದು ತೋರಿಸಿದನು. ಬೆಳಕಿನ ವೇಗವನ್ನು ನಿರೀಕ್ಷಿಸಿದ್ದವರಿಗೆ ಇದು ಎತ್ತಿನ ಬಂಡಿಯಂತೆ ಕಂಡಿರಬೇಕು. ಅದೇ 1850ರಲ್ಲಿ ಇಂಗ್ಲೆಂಡಿನ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರವನ್ನು ಕತ್ತರಿಸಿ, ಮೂಲದಿಂದ ಬೇರ್ಪಟ್ಟ ತುಂಡು ಆ ಕ್ಷಣವೇ ಸಾಯದೆ ದಿನದಿನಕ್ಕೆ ಕ್ಷಯಿಸುವುದೆಂಬುದನ್ನು ಕಂಡನು. ಇವರಿಬ್ಬರಿಗೂ ಮೊದಲು, 1791ರಲ್ಲಿ ಪ್ರಾಣಿಯ ಮೈಯೊಳಗೆ ವಿದ್ಯುತ್ತಿದೆಯೆಂದು ಗ್ರಂಥ ಬರೆದು ಪ್ರಕಟಿಸಿದ ಇಟಲಿಯ ಗಾಲ್ವಾನಿಗೂ ಆ ದರ್ಶನವಾದದ್ದು ಕಪ್ಪೆಯ ಕಾಲಿನಲ್ಲಿಯೇ. ಕೂಪಮಂಡೂಕವೆಂದು ನಾವು ಹಳಿಯುವ ಪ್ರಾಣಿಗೆ ಈ ಶಾಸ್ತ್ರ ಮೂರು ಪಟ್ಟು ಋಣಿಯಾಗಿದೆ.

ಹೆಲ್ಮ್‌ಹೋಲ್ಟ್ಸನ ಆ ಕಳೆಯುವ ಲೆಕ್ಕವನ್ನೇ ಇಂದೂ ನಮ್ಮ ಕೈಯ ಮೇಲೆ ಮಾಡುತ್ತಾರೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಹೆಬ್ಬೆರಳಿನ ಬುಡದ ಉಬ್ಬಿದ ಸ್ನಾಯುವಿನ ಮೇಲೆ ಸ್ಪಿರಿಟ್ಟಿನಿಂದ ಒರೆಸಿ, ನಾಲ್ಕಾಣೆಯ ಬಿಲ್ಲೆಗಿಂತ ಚಿಕ್ಕದಾದ ಲೋಹದ ಬಿಲ್ಲೆಯನ್ನು ಅಂಟಿಸುತ್ತಾರೆ. ತರುವಾಯ ಎರಡು ಮೊಳೆಗಳುಳ್ಳ ಹಿಡಿಕೆಯೊಂದನ್ನು ಮಣಿಕಟ್ಟಿನ ಮೇಲಿಟ್ಟು ಗುಂಡಿ ಒತ್ತಿದರೆ ಟಕ್ಕೆಂದು ಒಂದು ಸಪ್ಪಳ, ಇರುವೆ ಕಚ್ಚಿದಂತೆ ಒಂದು ಚುರುಕು, ಮತ್ತು ರೋಗಿ ಬೇಡವೆಂದರೂ ನಿಲ್ಲದೆ ತಾನಾಗಿ ಅಲುಗುವ ಹೆಬ್ಬೆರಳು. ತೆರೆಯ ಮೇಲೆ ಗುಡ್ಡದಾಕಾರದ ಅಲೆಯೊಂದು ಏಳುತ್ತದೆ. ಅದೇ ನರವನ್ನು ಇನ್ನೊಮ್ಮೆ ಮೊಣಕೈಯ ಮಡಿಕೆಯಲ್ಲಿ ಒತ್ತುತ್ತಾರೆ. ಅಲೆ ಅದೇ, ಏಳುವುದು ಮಾತ್ರ ತುಸು ತಡವಾಗಿ. ದರ್ಜಿಯವನ ಟೇಪಿನಿಂದ ಎರಡು ಸ್ಥಳಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಅಂತರ 22 ಸೆಂಟಿಮೀಟರ್ ಇದ್ದು, ತಡವಾದದ್ದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕು ಭಾಗವಾದರೆ ವೇಗ ಸೆಕೆಂಡಿಗೆ 55 ಮೀಟರ್. ಆರೋಗ್ಯವಂತನ ಕೈಯಲ್ಲಿ ಅದು 50ಕ್ಕೆ ಮೇಲೂ ಕಾಲಿನಲ್ಲಿ 40ಕ್ಕೆ ಮೇಲೂ ಇರಬೇಕು. ಕೈ ತಣ್ಣಗಿದ್ದರೆ ಪ್ರತಿ ಒಂದು ಡಿಗ್ರಿಗೆ ಹೆಚ್ಚುಕಡಿಮೆ 2 ಮೀಟರಿನಷ್ಟು ವೇಗ ಕುಗ್ಗುವುದರಿಂದ, ಮಾಘದ ಚಳಿಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಹೊರಟು ಹೋದವನ ಕೈಯನ್ನು ಬೆಚ್ಚಗೆ ಮಾಡದೆ ಅಳೆದರೆ ಇಲ್ಲದ ರೋಗವೊಂದು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ವೇಗ ಒಂದು, ಅಲೆಯ ಎತ್ತರ ಇನ್ನೊಂದು. ಮಲಪ್ರಭೆಯ ಕಾಲುವೆಯ ನೀರು ಕಾಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ತಡವಾಗಿ ಬರುವುದು ಬೇರೆ, ಕಡಿಮೆ ಬರುವುದು ಬೇರೆ. ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದ್ದು, ಅದು ಹಾಳಾದರೆ ಸಂದೇಶ ತಡವಾಗುತ್ತದೆ, ಕೆಲವೆಡೆ ನಡುದಾರಿಯಲ್ಲಿಯೇ ನಿಂತುಹೋಗುತ್ತದೆ. ಒಳಗಿನ ತಂತುವೇ ಸತ್ತರೆ ಉಳಿದ ತಂತುಗಳು ತಮ್ಮ ವೇಗದಲ್ಲಿಯೇ ಓಡುತ್ತವೆಯಾದರೂ ಅಲೆ ಕುಗ್ಗುತ್ತದೆ. 1916ರಲ್ಲಿ ಗಿಲ್ಯಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ವರ್ಣಿಸಿದ, ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲಕ್ಕೇರುವ ಆ ದಾರುಣ ನಿಶ್ಶಕ್ತಿಯಲ್ಲಿ ಬಹಳ ಸಲ ಕೆಡುವುದು ಹೊದಿಕೆ. ಬಹುಕಾಲದ ಮಧುಮೇಹದಲ್ಲಿ ಹೊದಿಕೆಯೂ ತಂತುವೂ ಕೂಡಿಯೇ ಕೆಡುತ್ತವೆ.

ಇಷ್ಟು ಪರೀಕ್ಷೆಯ ಪೂರ್ವಾರ್ಧ, ಎಂದರೆ ಎನ್‌ಸಿವಿ. ಉತ್ತರಾರ್ಧವಾದ ಇಎಂಜಿಯಲ್ಲಿ ಸೂಜಿಯ ಪಾತ್ರ. ಕೂದಲಿನಂತೆ ಸಪೂರವಾದ ಸೂಜಿಯನ್ನು ಸ್ನಾಯುವಿನೊಳಕ್ಕೆ ಇಳಿಸುತ್ತಾರೆ. ಆ ಸೂಜಿಯಿಂದ ವಿದ್ಯುತ್ತು ಮೈಯೊಳಕ್ಕೆ ಹೋಗುವುದಿಲ್ಲ, ಮೈಯೊಳಗಿನ ವಿದ್ಯುತ್ತು ಹೊರಕ್ಕೆ ಬರುತ್ತದೆ. ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಪ್ರಶ್ನಿಸು ಎಂಬ ಅರ್ಥವೂ ಆಲಿಸು ಎಂಬ ಅರ್ಥವೂ ಇರುವುದರ ಸೊಗಸು ನನಗೆ ಹೊಳೆದದ್ದು ಈ ಪರೀಕ್ಷೆಯ ಮುಂದೆ ನಿಂತಾಗ: ಮೊದಲನೆಯ ಭಾಗದಲ್ಲಿ ನರವನ್ನು ತಟ್ಟಿ ಕೇಳುತ್ತಾರೆ, ಎರಡನೆಯದರಲ್ಲಿ ಸ್ನಾಯುವಿಗೆ ಕಿವಿಗೊಟ್ಟು ಕೇಳುತ್ತಾರೆ.

ಕಿವಿಗೊಟ್ಟು ಎಂಬುದು ಅಲಂಕಾರದ ಮಾತಲ್ಲ. ಕೇಂಬ್ರಿಜ್ಜಿನ ಆಡ್ರಿಯನ್ ಮತ್ತು ಅವನ ಜೊತೆಗಾರ ಬ್ರಾಂಕ್ 1929ರಲ್ಲಿ ಸ್ನಾಯುವಿಗೆ ಇಂಥ ಸೂಜಿಯನ್ನು ಮೊದಲು ಚುಚ್ಚಿದಾಗ ಅದರ ಸೂಕ್ಷ್ಮ ಸ್ಪಂದನಗಳನ್ನು ಹಿಗ್ಗಿಸಿ ಧ್ವನಿವರ್ಧಕದಿಂದ ಹೊರಡಿಸಿದರು. 1950ರ ಜನವರಿ 8ರಂದು ಈ ಧಾರವಾಡದ ಆಕಾಶವಾಣಿ ನಿಲಯ ಆರಂಭವಾದಾಗ ಊರ ಚಾವಡಿಯಲ್ಲಿ ಕುಳಿತವರಿಗೆ ಧ್ವನಿಯನ್ನು ತಂದುಕೊಟ್ಟ ರೇಡಿಯೋದಲ್ಲಿದ್ದದ್ದೂ ಹಾಗೆ ಹಿಗ್ಗಿಸುವ ಅದೇ ಜಾತಿಯ ವಾಲ್ವುಗಳೇ. ಈಗ ನನ್ನ ಕಂಠ ನಿಮ್ಮನ್ನು ತಲುಪುವ ಉಪಾಯಕ್ಕೂ ಸ್ನಾಯುವಿನ ಕಂಠ ವೈದ್ಯನನ್ನು ತಲುಪುವ ಉಪಾಯಕ್ಕೂ ದಾಯಾದಿ ಸಂಬಂಧ.

ಆರೋಗ್ಯವಾದ ಸ್ನಾಯು ವಿಶ್ರಾಂತಿಯಲ್ಲಿದ್ದಾಗ ಮೌನಿ. ತುಸು ಬಿಗಿ ಹಿಡಿಯೆಂದರೆ ದೂರದ ಡೊಳ್ಳಿನಂತೆ ಒಂದೊಂದೇ ಪೆಟ್ಟು ಕೇಳುತ್ತದೆ. ಬಲವಾಗಿ ಹಿಡಿದರೆ ಪೆಟ್ಟುಗಳು ಕೂಡಿ ಭೋರ್ಗರೆತವಾಗುತ್ತವೆ. ನರ ಕಡಿದು ಅನಾಥವಾದ ಸ್ನಾಯುವಾದರೋ ಸುಮ್ಮನೆ ಮಲಗಿದ್ದಾಗಲೇ ಟಪಟಪನೆ ಸಪ್ಪಳಿಸುತ್ತಿರುತ್ತದೆ, ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ. ತಿಂಗಳುಗಳು ಕಳೆದ ಮೇಲೆ ಪಕ್ಕದ ನರತಂತುಗಳು ಕವಲೊಡೆದು ಆ ಅನಾಥ ಎಳೆಗಳನ್ನು ದತ್ತು ತೆಗೆದುಕೊಳ್ಳುತ್ತವೆ; ಆಗ ಅಲೆಗಳು ದೊಡ್ಡವಾಗಿ ಅಗಲವಾಗಿ ಕಾಣುತ್ತವೆ. ಕಿತ್ತೂರಿನ ದತ್ತಕವನ್ನು 1824ರಲ್ಲಿ ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ. ದೇಹದ ಕಾಯಿದೆ ಅದಕ್ಕಿಂತ ಉದಾರವಾದದ್ದು. ನರ ಕೆಡದೆ ಸ್ನಾಯುವೇ ಸವೆಯುವ ರೋಗಗಳಲ್ಲಿ ಅಲೆಗಳು ಗಿಡ್ಡವಾಗಿ, ಅಲ್ಪ ಬಲಕ್ಕೇ ಗುಂಪೆಲ್ಲ ಎದ್ದುಬರುತ್ತದೆ, ಸೊರಗಿದ ಕೂಲಿಗಳು ಒಂದು ಚೀಲವನ್ನು ಹತ್ತು ಮಂದಿ ಎತ್ತಿದಂತೆ.

ಈಗ ನನ್ನ ತಪ್ಪಿನ ಕಥೆ. ಅದು ಕಡಲೆ ಕೀಳುವ ದಿನಗಳ ಮಾತು. ಪಕ್ಕದ ಹಳ್ಳಿಯ ಹೆಣ್ಣುಮಗಳೊಬ್ಬಳು, ಮದುವೆಯಾಗಿ ಎರಡು ವರ್ಷವಾಗಿರಬಹುದು, ಎಡಗಾಲನ್ನು ಮೊಣಕಾಲಿನಿಂದ ಎತ್ತೆತ್ತಿ ಇಡುತ್ತ ನನ್ನ ಕೋಣೆಗೆ ಬಂದಳು. ಹಿಂದೆ ಅತ್ತೆ, ಅತ್ತೆಯ ಕೈಯಲ್ಲಿ ಅವಳ ಎಡಗಾಲಿನ ಚಪ್ಪಲಿ. ಚಪ್ಪಲಿ ದಾರಿಯಲ್ಲಿ ಮೂರು ಸಲ ಕಳಚಿ ಬಿದ್ದು, ಅದು ತನಗೆ ಗೊತ್ತೇ ಆಗಲಿಲ್ಲವೆಂದು ಹುಡುಗಿ ಹೇಳಿದಳು. ನಾಲ್ಕು ದಿನಗಳ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕುಳಿತು ಸಾಲು ಹಿಡಿದು ಕಡಲೆ ಕಿತ್ತು, ಸಂಜೆ ಏಳುವಾಗ ಪಾದ ಮೇಲೇಳಲಿಲ್ಲವಂತೆ. ಇದನ್ನೆಲ್ಲ ಅವಳು ತಾನಾಗಿ ಹೇಳಿದಳು. ನಾನು ಕೇಳಿದೆ, ಆದರೆ ಬರೆದುಕೊಳ್ಳಲಿಲ್ಲ. ಹೊರಗೆ ರೋಗಿಗಳ ಸಾಲಿತ್ತು. ‘ಎಡಗಾಲು, ನರದ ಪರೀಕ್ಷೆ’ ಎಂದಷ್ಟೇ ಚೀಟಿಯಲ್ಲಿ ಗೀಚಿ ನಗರಕ್ಕೆ ಕಳಿಸಿದೆ.

ವರದಿ ಬಂತು: ಎಲ್ಲವೂ ಸಹಜ. ಪಾದದ ಮೇಲೆ ಬಿಲ್ಲೆ ಅಂಟಿಸಿ, ಗಿಣ್ಣಿನ ಹತ್ತಿರ ಒಮ್ಮೆ, ಮೊಣಕಾಲಿನ ಕೆಳಗೆ ಒಮ್ಮೆ ತಟ್ಟಿ ನೋಡಿದ್ದರು. ಅಲೆ ಎತ್ತರವಾಗಿಯೇ ಎದ್ದಿತ್ತು. ಚೀಟಿ ಕೇಳಿದಷ್ಟಕ್ಕೆ ಯಂತ್ರ ಉತ್ತರ ಕೊಟ್ಟಿತ್ತು. ಆ ‘ಸಹಜ’ವೆಂಬ ಮೂರಕ್ಷರ ಆ ಮನೆಯಲ್ಲಿ ಮಾಡಿದ ಅನರ್ಥವನ್ನು ನಾನು ತಿಳಿದದ್ದು ಹತ್ತು ದಿನಗಳ ಮೇಲೆ, ಅತ್ತೆ ಬಂದು, ‘ಮಿಷನ್ನೇ ಏನೂ ಇಲ್ಲ ಅಂತಂದ್ ಮ್ಯಾಲೆ ಇದು ಬರೇ ಮೈಗಳ್ಳತನ ನೋಡ್ರಿ. ಹೊಲಕ್ಕ ಹೋಗೂದು ಬ್ಯಾಡಾಗೇತಿ’ ಎಂದಾಗ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಎಡಗಾಲಿನ ಹೆಬ್ಬೆರಳಿನ ತುದಿ ನೆಲಕ್ಕೆ ತಾಗಿ ತಾಗಿ ಸುಲಿದಿತ್ತು. ಸುಳ್ಳು ಹೇಳುವವರ ಕಾಲುಬೆರಳು ಸುಲಿಯುವುದಿಲ್ಲ.

ಮೊಣಕಾಲಿನ ಹೊರಮಗ್ಗುಲಲ್ಲಿ, ಸಣ್ಣ ಎಲುಬಿನ ತಲೆಯ ಕೆಳಗೆ ಕುತ್ತಿಗೆಯಂತಿರುವ ಭಾಗವನ್ನು ಸುತ್ತಿಕೊಂಡು ಪಾದವನ್ನು ಎತ್ತುವ ನರ ಸಾಗುತ್ತದೆ. ಅಲ್ಲಿ ಅದಕ್ಕೆ ಚರ್ಮದ ಹೊರತು ಬೇರೆ ಮರೆಯಿಲ್ಲ. ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕುಳಿತವರಲ್ಲಿ ಅದು ಅಲ್ಲಿಯೇ ಅದುಮಿಹೋಗುತ್ತದೆ. ಅದುಮಿದ ಜಾಗದ ಕೆಳಗಿನ ನರ ಜೀವಂತವಾಗಿರುವುದರಿಂದ ಕೆಳಗೆ ತಟ್ಟಿದರೆ ಸಹಜವಾಗಿಯೇ ಓಗೊಡುತ್ತದೆ. ಮೇಲೆ ತಟ್ಟಿದರೆ ಮಾತ್ರ ಕರೆ ದಾಟಿ ಬರುವುದಿಲ್ಲ. ಈ ಸಲ ಚೀಟಿಯಲ್ಲಿ ನಾನು ಆರು ಸಾಲು ಬರೆದೆ: ಏನು ಕೆಲಸ ಮಾಡುತ್ತಿದ್ದಳು, ಎಂದಿನಿಂದ, ಯಾವ ಚಲನೆ ಇಲ್ಲ, ಯಾವುದು ಇದೆ, ಸ್ಪರ್ಶ ಎಲ್ಲಿ ಮಂದ, ಮೊಣಕಾಲಿನ ಸಣ್ಣ ಎಲುಬಿನ ತಲೆಯ ಕೆಳಗೂ ಮೇಲೂ ತಟ್ಟಿ ಹೋಲಿಸಿ ನೋಡಬೇಕು. ಮೂರು ವಾರ ಕಳೆದಿದ್ದರಿಂದ ಸೂಜಿಯನ್ನೂ ಬೇಡಿದೆ. ಕೆಳಗೆ ತಟ್ಟಿದಾಗ ಗುಡ್ಡದಂತೆ ಎದ್ದ ಅಲೆ, ನಾಲ್ಕು ಬೆರಳು ಮೇಲೆ ತಟ್ಟಿದಾಗ ಹುತ್ತದಷ್ಟಕ್ಕೆ ಇಳಿದಿತ್ತು. ಸೂಜಿ ಇಳಿಸಿದಲ್ಲಿ ಮಳೆಹನಿಯ ಸಪ್ಪಳವಿರಲಿಲ್ಲ. ಎಂದರೆ ತಂತುಗಳು ಸತ್ತಿಲ್ಲ, ಹೊದಿಕೆ ಮಾತ್ರ ಕೆಟ್ಟಿದೆ, ಕೆಲವು ವಾರಗಳಲ್ಲಿ ದಾರಿ ತಾನೇ ತೆರೆದೀತು. ತಂತುಗಳೇ ಸತ್ತಿದ್ದರೆ ಅವು ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆದುಕೊಂಡು ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು.

ವಾಲರನ ಕಪ್ಪೆ ಇಲ್ಲಿ ನೆನಪಾಗಬೇಕು. ನರ ಪೂರ್ತಿ ತುಂಡಾಗಿದ್ದರೂ ಅದರ ಕೆಳಗಿನ ಭಾಗ ಕೆಲವು ದಿನ ಬದುಕಿದ್ದವರಂತೆಯೇ ಉತ್ತರ ಕೊಡುತ್ತದೆ. ಸೂಜಿಗೆ ಕೇಳಿಸುವ ಅನಾಥರ ಸಪ್ಪಳ ಎರಡು ಮೂರು ವಾರ ಕಳೆಯುವ ಮೊದಲು ಆರಂಭವಾಗುವುದೇ ಇಲ್ಲ. ಬೈಕಿನಿಂದ ಬಿದ್ದ ಮರುದಿನವೇ, ಕುಂಡೆಗೆ ಚುಚ್ಚಿಸಿಕೊಂಡ ಇಂಜೆಕ್ಷನ್ನಿನಿಂದ ಕಾಲು ಸೋತ ಮರುದಿನವೇ, ಇರುವ ಹಣವನ್ನೆಲ್ಲ ಸುರಿದು ಪರೀಕ್ಷೆ ಮಾಡಿಸಿ, ‘ಸಹಜ’ವೆಂಬ ಕಾಗದವನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಈ ಯಂತ್ರಕ್ಕೆ ಕಿವುಡೂ ಉಂಟು. ಅದು ಕೇಳಿಸಿಕೊಳ್ಳುವುದು ದಪ್ಪ ತಂತುಗಳ ಮಾತನ್ನು. ಉರಿ, ಬಿಸಿ, ತಣ್ಪು, ಚುಚ್ಚುನೋವುಗಳನ್ನು ಒಯ್ಯುವ ಸಣ್ಣ ತಂತುಗಳ ಪಿಸುಮಾತು ಅದಕ್ಕೆ ತಲುಪದು. ಸಕ್ಕರೆ ರೋಗದವರು ‘ಅಂಗಾಲು ಕೆಂಡ ತುಳಿದಂಗ ಉರೀತಾವು’ ಎಂದು ರಾತ್ರಿಯೆಲ್ಲ ಒದ್ದಾಡುತ್ತಿದ್ದರೂ ವರದಿ ಶುದ್ಧವಾಗಿರುವುದುಂಟು. ಕುಷ್ಠದಲ್ಲಿಯೂ ಆರಂಭದಲ್ಲಿ ಕೆಡುವವು ಬಹುಶಃ ಇವೇ. 1873ರಲ್ಲಿ ನಾರ್ವೆಯ ಹಾನ್ಸೆನ್ ಅದರ ರೋಗಾಣುವನ್ನು ಕಂಡಂದಿನಿಂದ ಇಂದಿನವರೆಗೂ ಆ ರೋಗವನ್ನು ಹಿಡಿಯುವ ಉತ್ತಮ ಉಪಕರಣಗಳಲ್ಲೊಂದು ಬೆರಳು: ಮೊಣಕೈಯ ಹಿಂದೆ, ಕಲ್ಲಿಗೆ ತಾಗಿದರೆ ಜುಮ್ಮೆನ್ನುವ ಆ ತಗ್ಗಿನಲ್ಲಿ, ದಪ್ಪಗಾದ ನರ ಹಗ್ಗದಂತೆ ಕೈಗೆ ಸಿಕ್ಕುತ್ತದೆ. ಹಳೆಯ ಕಾಲದ ಆರೋಗ್ಯ ಕಾರ್ಯಕರ್ತರು ಹಳ್ಳಿಯ ಕಟ್ಟೆಯ ಮೇಲೆ ಕುಳಿತು, ಮಾತಾಡುತ್ತಲೇ ಎದುರಿನವರ ಮೊಣಕೈ ತಡವಿ, ಬಿಳಿಚಿದ ಮಚ್ಚೆಗೆ ಹತ್ತಿಯ ಎಳೆ ತಾಗಿಸಿ ರೋಗ ಹೇಳುತ್ತಿದ್ದರು. ಆ ಕೈಗಳು ಈಗ ವಿರಳ.

ಯಂತ್ರವೇ ಗೆದ್ದ ಒಂದು ಪ್ರಸಂಗವನ್ನು ಹೇಳದಿದ್ದರೆ ಪಕ್ಷಪಾತವಾದೀತು. ಅದು ನಡೆದದ್ದೂ ನಮ್ಮ ನಾಡಿನಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್, ಎಂದರೆ 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆದ ಸಂಸ್ಥೆಯಲ್ಲಿ, ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳಾದ ಸುರೇಶ್, ಶಂಕರ್ ಅವರು 1984ರಲ್ಲಿ 23 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಹುತೇಕ ತರುಣ ಗಂಡಸರು, ನೋವಿಲ್ಲ, ಜೋಮಿಲ್ಲ, ಒಂದು ಕೈ ಅಥವಾ ಒಂದು ಕಾಲು ಮಾತ್ರ ತಾನೇ ತಾನಾಗಿ ಬತ್ತುತ್ತ ಹೋಗಿ, ಕೆಲವು ವರ್ಷಗಳ ಮೇಲೆ ನಿಂತುಬಿಡುತ್ತದೆ. ಕೈಯಲ್ಲಿ ಇಂಥದ್ದೇ ಕ್ಷಯವನ್ನು ಜಪಾನಿನ ಹಿರಯಾಮ 1959ರಲ್ಲಿ ವರ್ಣಿಸಿದ್ದನು. ಎಲ್ಲ ಅಂಗಗಳಿಗೂ ಹಬ್ಬಿ ಉಸಿರನ್ನೇ ನಿಲ್ಲಿಸುವ ಭಯಂಕರ ವ್ಯಾಧಿಯೂ ಮೊದಲು ಒಂದೇ ಅಂಗದಲ್ಲಿ ಕಾಣಿಸಿಕೊಳ್ಳುವುದರಿಂದ, ಬತ್ತಿದ ಕೈಯ ತರುಣನಿಗೆ ಏನು ಹೇಳಬೇಕೆಂಬುದು ವೈದ್ಯನಿಗೆ ಪ್ರಾಣಸಂಕಟ. ನರದ ವೇಗ ಸಹಜವಾಗಿದ್ದು, ಸೂಜಿ ಮಾತ್ರ ಹಳೆಯ ದತ್ತಕದ ದೊಡ್ಡ ಅಲೆಗಳನ್ನು ಹೇಳಿದರೆ ಕೆಟ್ಟದ್ದು ಕೈಯ ನರವಲ್ಲ, ಬೆನ್ನುಹುರಿಯೊಳಗಿನ ಅದರ ಬೇರು ಎಂದು ತಿಳಿಯುತ್ತದೆ. ಉಳಿದ ಅಂಗಗಳಲ್ಲಿಯೂ ಸೂಜಿ ಇಳಿಸಿ ಆಲಿಸಿ, ವರುಷ ಎರಡು ವರುಷ ಕಾದು ನೋಡಿದ ಮೇಲೆ, ‘ಇದು ಇಲ್ಲಿಗೇ ನಿಲ್ಲುವ ಜಾತಿಯದು’ ಎಂದು ಹೇಳುವ ಧೈರ್ಯ ಬರುತ್ತದೆ. ಬತ್ತಿದ ಬಲಗೈಯಲ್ಲಿಯೇ ಟ್ರ್ಯಾಕ್ಟರಿನ ಚಕ್ರ ಹಿಡಿಯುವ ಯುವಕನೊಬ್ಬನನ್ನು ನಾನು ಬಲ್ಲೆ. ಅವನ ಎಡಗೈಗೆ ಏನೂ ಆಗಿಲ್ಲ, ಈಗ ಅವನಿಗೆ ಇಬ್ಬರು ಮಕ್ಕಳು.

ನರಕ್ಕೂ ಸ್ನಾಯುವಿಗೂ ನಡುವಿನ ಸಂದಿಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಸೆಕೆಂಡಿಗೆ ಮೂರರಂತೆ ತಟ್ಟುತ್ತ ಹೋದಾಗ ಅಲೆ ಒಂದರಿಂದ ಒಂದಕ್ಕೆ ಕುಗ್ಗಿದರೆ ಸಂಜೆಯಾಗುತ್ತ ರೆಪ್ಪೆ ಜೋಲುವ ಮಯಸ್ಥೇನಿಯ ರೋಗದ ಸಂಶಯ. ಒಮ್ಮೆ ತಟ್ಟಿದ್ದಕ್ಕೆ ಎರಡು ಸಲ ಉತ್ತರ ಬಂದರೆ ಹತ್ತಿಗೆ ಹೊಡೆಯುವ ಎಣ್ಣೆಯ, ಎಂದರೆ ಕೀಟನಾಶಕದ, ವಿಷ ಮೈಗೇರಿರಬಹುದು. ಬಾಯಿಗೆ ಬಟ್ಟೆ ಕಟ್ಟದೆ, ಗಾಳಿಗೆ ಎದುರಾಗಿ ಪಂಪು ಹೊಡೆಯುವ ನಮ್ಮ ಹುಡುಗರು ಈ ಮಾತನ್ನು ಈಗ ಕೇಳುತ್ತಿದ್ದರೆ ಲೇಸು.

ಪರೀಕ್ಷೆಗೆ ಹೋಗುವವರು ಉಪವಾಸವಿರಬೇಕಾಗಿಲ್ಲ. ಕೈಕಾಲಿಗೆ ಎಣ್ಣೆ, ಮುಲಾಮು ಹಚ್ಚಿಕೊಳ್ಳದೆ, ಬಳೆ ಉಂಗುರ ಕಾಲ್ಗಡಗಗಳನ್ನು ಮನೆಯಲ್ಲಿಟ್ಟು ಹೋಗಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರೂ ರಕ್ತ ತೆಳುವಾಗುವ ಗುಳಿಗೆ ನುಂಗುವವರೂ ಮುಂಚಿತವಾಗಿ ತಿಳಿಸತಕ್ಕದ್ದು. ಮತ್ತು ಚೀಟಿ ಬರೆಯುವ ವೈದ್ಯನು, ನನ್ನಂಥವನಾಗಿದ್ದರೆ, ಅವನ ಎದುರಿಗೆ ತುಸು ಹೊತ್ತು ಹೆಚ್ಚು ಕುಳಿತುಬಿಡಿ.

ಆ ಹುಡುಗಿ ಯುಗಾದಿ ಕಳೆದು ಬಂದಾಗ ಎರಡೂ ಕಾಲಿನಲ್ಲಿ ಚಪ್ಪಲಿಗಳಿದ್ದವು. ಅವಳನ್ನು ಹಿಮ್ಮಡಿಯ ಮೇಲೆ ನಡೆಸಿ ನೋಡಿದೆ, ನಡೆದಳು. ಅತ್ತೆ ಬಾಗಿಲಲ್ಲಿಯೇ ನಿಂತಿದ್ದವರು, ಸೊಸೆ ಹೊರಗೆ ಹೋದ ಮೇಲೆ ಒಳಗೆ ಬಂದು, ದನಿ ತಗ್ಗಿಸಿ ಹೇಳಿದರು: ‘ನಂದೂ ಒಂದೀಟ ಐತ್ರಿ. ರಾತ್ರಿ ಈ ಕೈ ಜೋಮ ಹಿಡದು ಎಚ್ಚರಾಗತೈತಿ. ಝಾಡಿಸಿದ್ರ ಕಡಿಮಿ ಆಗತೈತಿ. ರೊಟ್ಟಿ ಬಡಿಯಾಕ ಕುಂತ್ರ ಮತ್ತ ಸುರು.’

‘ಯಾವ ಬೆರಳು, ತೋರಿಸ್ರಿ ಅವ್ವಾ’ ಎಂದೆ.

ಅವರು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಹಿಡಿದು ತೋರಿಸಿ, ಕಿರುಬೆರಳನ್ನು ಮಡಚಿ ಬೇರೆ ಇಟ್ಟರು. ನಾನು ಪೆನ್ನು ತೆಗೆದು ಬರೆದೆ: ಬಲಗೈ, ಮೂರು ಬೆರಳು, ರಾತ್ರಿ ಜೋಮು, ಝಾಡಿಸಿದರೆ ಶಮನ, ನಲವತ್ತು ವರ್ಷದಿಂದ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ, ಮಣಿಕಟ್ಟಿನಲ್ಲಿ ನೋಡುವುದು, ಕಿರುಬೆರಳಿನ ನರದೊಡನೆ ಹೋಲಿಸಿ ನೋಡುವುದು, ಕೈ ಬೆಚ್ಚಗಿರಲಿ.